ಪೈಥಾನ್ ಹಳೇ ಶೈಲಿಯ ಕ್ಲಾಸ್: ಡಂಡರ್ ಮೆಥಡ್‌ಗಳನ್ನು ಎಲ್ಲಿ ಹುಡುಕುತ್ತೆ? 3ಕ್ಕೆ ಬಂದ ಮೇಲೆ ಎರರ್ ಇಲ್ಲದೆ ಕೈಕೊಟ್ಟ ಕೋಡ್

ಗೋಡೌನ್_ಕೋಡ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಹಳೇ ಪೈಥಾನ್ 2.7 ಕೋಡನ್ನು 3ಕ್ಕೆ ತರುತ್ತಿದ್ದೇನೆ. ಬಿಲ್ ಬಾಕಿ ಇರುವ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಂ ಅದು. ಬರೆದವರು ಕೆಲಸ ಬಿಟ್ಟು ತುಂಬಾ ವರ್ಷ ಆಯಿತು.

ಮೊನ್ನೆ ಹೊಸದನ್ನು ಓಡಿಸಿದೆವು. ಒಂದೇ ಮೆಸೇಜ್ ಎಷ್ಟೋ ಜನರಿಗೆ ಎರಡೆರಡು ಸಲ ಹೋಗಿದೆ, ಕೆಲವರಿಗೆ ಮೂರು ಸಲ. ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಟೆಸ್ಟ್‌ಗಳೂ ಪಾಸಾಗಿವೆ.

ಒಬ್ಬ ಗ್ರಾಹಕರಿಗೆ ಎರಡು ಮೂರು ಖಾತೆ ಇರುವುದುಂಟು. ಗ್ರಾಹಕ ಅನ್ನುವ ಕ್ಲಾಸಿನಲ್ಲಿ ಎರಡು ಡಂಡರ್ ಮೆಥಡ್ ಇವೆ (ಹೆಸರಿನ ಎರಡೂ ಕಡೆ ಜೋಡಿ ಅಂಡರ್‌ಸ್ಕೋರ್ ಇರುವ, ಪೈಥಾನ್ ತಾನೇ ಕರೆಯುವ ಮೆಥಡ್): ಎರಡು ಆಬ್ಜೆಕ್ಟ್ ಸಮವೇ ಅಂತ ಹೇಳುವ `__ಈಕ್ಯೂ__`, ಸೆಟ್‌ನಲ್ಲಿ ಹುಡುಕಲು ಒಂದು ಸಂಖ್ಯೆ ಕೊಡುವ `__ಹ್ಯಾಶ್__`. ಎರಡನ್ನೂ ಫೋನ್ ನಂಬರ್ ಮೇಲೆ ಬರೆದಿದ್ದಾರೆ. ಎಲ್ಲವನ್ನೂ ಒಂದು ಸೆಟ್‌ಗೆ ಹಾಕಿದರೆ ಒಂದು ನಂಬರ್‌ಗೆ ಒಂದೇ ಉಳಿಯಬೇಕು. 2.7ರಲ್ಲಿ ಹಾಗೇ ಆಗುತ್ತಿತ್ತು. ಆದರೆ ಸೆಟ್‌ಗೆ ಹೋಗುವುದು ನೇರವಾಗಿ ಗ್ರಾಹಕ ಅಲ್ಲ, ಅಸಲಿ ಗ್ರಾಹಕನ ಬದಲು ನಿಂತು, ಬೇಕಾದಾಗ ಮಾತ್ರ ಅವನನ್ನು ಡೇಟಾಬೇಸ್‌ನಿಂದ ತರುವ ಈ ಪ್ರಾಕ್ಸಿ. ಕೋಡನ್ನೂ ನಮ್ಮ ಅಕ್ಷರದಲ್ಲೇ ಹಾಕುತ್ತಿದ್ದೇನೆ (`ನನ್` ಅಂದರೆ ಪೈಥಾನಿನಲ್ಲಿ "ಏನೂ ಇಲ್ಲ" ಅನ್ನುವ ಬೆಲೆ):

```
ಕ್ಲಾಸ್ ಪ್ರಾಕ್ಸಿ:
    ಡೆಫ್ __ಇನಿಟ್__(ಸೆಲ್ಫ್, ಐಡಿ):
        ಸೆಲ್ಫ್._ಐಡಿ = ಐಡಿ
        ಸೆಲ್ಫ್._ಅಸಲಿ = ನನ್

    ಡೆಫ್ _ತೆಗೆ(ಸೆಲ್ಫ್):
        ಇಫ್ ಸೆಲ್ಫ್._ಅಸಲಿ ಈಸ್ ನನ್:
            ಸೆಲ್ಫ್._ಅಸಲಿ = ಡೇಟಾಬೇಸ್‌ನಿಂದ(ಸೆಲ್ಫ್._ಐಡಿ)
        ರಿಟರ್ನ್ ಸೆಲ್ಫ್._ಅಸಲಿ

    ಡೆಫ್ __ಗೆಟ್‌ಅಟ್ರ್__(ಸೆಲ್ಫ್, ಹೆಸರು):
        ರಿಟರ್ನ್ ಗೆಟ್‌ಅಟ್ರ್(ಸೆಲ್ಫ್._ತೆಗೆ(), ಹೆಸರು)
```

`ಪ್ರಾ` ಅನ್ನುವುದು ಇಂಥ ಒಂದು ಪ್ರಾಕ್ಸಿ. `ಪ್ರಾ.ಫೋನ್` ಅಂದರೆ ಸರಿಯಾದ ನಂಬರೇ ಬರುತ್ತದೆ. ಹಾಗಾದರೆ ಸೆಟ್ ಯಾಕೆ ಕೆಲಸ ಮಾಡುತ್ತಿಲ್ಲ? ತಲೆ ಕೆರೆದುಕೊಂಡು ಸಾಕಾಗಿದೆ.

ಸಿ_ಓದುಗ

ನಿಮ್ಮ ಮೊದಲ ಸಾಲಲ್ಲೇ ಉತ್ತರ ಇದೆ. `ಕ್ಲಾಸ್ ಪ್ರಾಕ್ಸಿ:` ಅಂತಿದೆ, `ಕ್ಲಾಸ್ ಪ್ರಾಕ್ಸಿ(ಆಬ್ಜೆಕ್ಟ್):` ಅಂತಿಲ್ಲ. ಪೈಥಾನ್ 2ರಲ್ಲಿ ಇವೆರಡೂ ಬೇರೆ ಬೇರೆ ಜಾತಿ. ಆಬ್ಜೆಕ್ಟ್‌ನಿಂದ ಹುಟ್ಟದೇ ಇದ್ದದ್ದು ಹಳೇ ಶೈಲಿಯ ಕ್ಲಾಸ್. ಹೊಸ ಶೈಲಿ ಬಂದಿದ್ದು 2001ರ ಡಿಸೆಂಬರ್‌ನಲ್ಲಿ, 2.2ರ ಜೊತೆ. ಹಳೆಯದನ್ನು ತೆಗೆದು ಹಾಕಿದ್ದು 2008ರ ಡಿಸೆಂಬರ್‌ನಲ್ಲಿ, 3.0ರಲ್ಲಿ. ಅಂದರೆ ಪೈಥಾನ್ 3ರಲ್ಲಿ ನೀವು ಆಬ್ಜೆಕ್ಟ್ ಅಂತ ಬರೆಯದೇ ಇದ್ದರೂ ಅದು ಹೊಸ ಶೈಲಿಯೇ. ನಿಮ್ಮ ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಅದರ ಅರ್ಥ ಬದಲಾಗಿದೆ.

ಅರ್ಥ ಎಲ್ಲಿ ಬದಲಾಯಿತು ಅಂತ ಹತ್ತಿರದಿಂದ ನೋಡೋಣ. ನಿಮ್ಮಲ್ಲಿ ಇನ್ನೂ 2.7 ಇದ್ದರೆ ಇದನ್ನು ಹೊಡೆದು ನೋಡಿ:

```
ಕ್ಲಾಸ್ ಪೆಟ್ಟಿಗೆ:
    ಪಾಸ್

ಪೆ = ಪೆಟ್ಟಿಗೆ()
ಪೆ.__ಲೆನ್__ = ಲ್ಯಾಂಬ್ಡಾ: 7
ಲೆನ್(ಪೆ)
```

7 ಬರುತ್ತದೆ. ಕ್ಲಾಸಿನಲ್ಲಿ `__ಲೆನ್__` ಇಲ್ಲವೇ ಇಲ್ಲ. ಇರುವುದು ಆ ಒಂದು ಆಬ್ಜೆಕ್ಟ್‌ನ ಕೈಯಲ್ಲಿ ಮಾತ್ರ. ಆದರೂ ಸಿಕ್ಕಿತು. ಈಗ ಮೊದಲ ಸಾಲನ್ನು `ಪೆಟ್ಟಿಗೆ(ಆಬ್ಜೆಕ್ಟ್)` ಮಾಡಿ ಮತ್ತೆ ಓಡಿಸಿ. ಟೈಪ್‌ಎರರ್ ಬರುತ್ತದೆ, ಪೆಟ್ಟಿಗೆಗೆ ಲೆನ್ ಇಲ್ಲ ಅಂತ. `ಪೆ.__ಲೆನ್__()` ಅಂತ ನೀವೇ ಕರೆದರೆ ಆಗಲೂ 7 ಕೊಡುತ್ತದೆ. `ಲೆನ್(ಪೆ)` ಮಾತ್ರ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಹಳೇ ಶೈಲಿಯಲ್ಲಿ ಡಂಡರ್ ಮೆಥಡ್‌ಗೆ ವಿಶೇಷ ಮರ್ಯಾದೆ ಏನೂ ಇಲ್ಲ. ಫೋನ್, ಹೆಸರು, ವಿಳಾಸ ಹುಡುಕಿದ ಹಾಗೇ ಅದನ್ನೂ ಹುಡುಕುತ್ತೆ. ಮೊದಲು ಆಬ್ಜೆಕ್ಟ್‌ನ ಸ್ವಂತ ಡಿಕ್ಷನರಿ. ಅಲ್ಲಿ ಇಲ್ಲದಿದ್ದರೆ ಕ್ಲಾಸ್, ಆಮೇಲೆ ತಾಯಿ ಕ್ಲಾಸ್‌ಗಳು. ಅಲ್ಲೂ ಇಲ್ಲದಿದ್ದರೆ `__ಗೆಟ್‌ಅಟ್ರ್__`. ನಿಮ್ಮ ಪ್ರಾಕ್ಸಿ ಬದುಕಿದ್ದು ಈ ಕೊನೇ ಮೆಟ್ಟಿಲಿನ ಮೇಲೆ. ಸೆಟ್ `__ಹ್ಯಾಶ್__` ಕೇಳಿತು. ಪ್ರಾಕ್ಸಿಯಲ್ಲಿ ಇರಲಿಲ್ಲ. `__ಗೆಟ್‌ಅಟ್ರ್__`ಗೆ ಬಂತು. ಅದು ಅಸಲಿ ಗ್ರಾಹಕನ ಹ್ಯಾಶ್ ಕೊಟ್ಟಿತು. `__ಈಕ್ಯೂ__` ಕೂಡ ಹೀಗೇ.

ಹೊಸ ಶೈಲಿಯಲ್ಲಿ `ಹ್ಯಾಶ್(ಪ್ರಾ)` ಆಬ್ಜೆಕ್ಟನ್ನು ಕೇಳುವುದೇ ಇಲ್ಲ. ನೇರ ಅದರ ಟೈಪನ್ನು ಕೇಳುತ್ತೆ. ಟೈಪಿಗೆ ಆಬ್ಜೆಕ್ಟ್ ಕ್ಲಾಸಿನಿಂದ ಬಂದ ಒಂದು ಹ್ಯಾಶ್ ಮೊದಲೇ ಇದೆ, ಪ್ರತಿ ಪ್ರಾಕ್ಸಿಗೂ ಬೇರೆ ಬೇರೆ. ಅದನ್ನು ಬಳಸಿಕೊಂಡಿತು. `__ಗೆಟ್‌ಅಟ್ರ್__` ಕಡೆ ಯಾರೂ ಬರಲಿಲ್ಲ. ಅದಕ್ಕೇ ಎರರ್ ಇಲ್ಲ, ಅದಕ್ಕೇ ಎರಡೆರಡು ಮೆಸೇಜ್.

ಹೊಸಬ_ನಾನು

ಒಂದು ಪ್ರಶ್ನೆ ಕೇಳಬಹುದಾ? ಹಳೇ ರೀತಿ ಸರಳವಾಗಿತ್ತಲ್ವಾ? ಎಲ್ಲ ಹೆಸರಿಗೂ ಒಂದೇ ನಿಯಮ. ಸುಮ್ನೆ ಯಾಕೆ ಬದಲಾಯಿಸಿದರು?

ಸಿ_ಓದುಗ

ಸರಳವಾಗಿತ್ತು, ನಿಜ. ಆದರೆ ಹಳೇ ವ್ಯವಸ್ಥೆಯಲ್ಲಿ ಕ್ಲಾಸ್ ಮತ್ತು ಟೈಪ್ ಎರಡು ಬೇರೆ ಲೋಕ. ಹಳೇ ಶೈಲಿಯ ಯಾವ ಆಬ್ಜೆಕ್ಟ್‌ನ ಟೈಪ್ ಕೇಳಿದರೂ "ಇನ್‌ಸ್ಟನ್ಸ್" ಅನ್ನುತ್ತಿತ್ತು. ಗ್ರಾಹಕ ಆದರೂ ಇನ್‌ಸ್ಟನ್ಸ್, ಪೆಟ್ಟಿಗೆ ಆದರೂ ಇನ್‌ಸ್ಟನ್ಸ್. ಪೈಥಾನನ್ನು ಬರೆದಿರುವ ಸಿ ಭಾಷೆಯ ಮಟ್ಟದಲ್ಲಿ ಅವೆಲ್ಲಕ್ಕೂ ಇದ್ದಿದ್ದು ಒಂದೇ ಟೈಪ್. ಆ ಒಂದು ಟೈಪಿನ ಎಲ್ಲ ಸ್ಲಾಟ್‌ಗಳೂ (ಒಂದೊಂದು ಕೆಲಸಕ್ಕೆ ಯಾವ ಫಂಕ್ಷನ್ ಕರೆಯಬೇಕು ಅಂತ ಇಡುವ ಜಾಗಗಳು) ತುಂಬಿರುತ್ತಿದ್ದವು. ಉದ್ದ ಕೇಳುವ ಸ್ಲಾಟ್, ಕೂಡಿಸುವ ಸ್ಲಾಟ್, ಕರೆಯುವ ಸ್ಲಾಟ್, ಎಲ್ಲವೂ. ಪ್ರತಿ ಸ್ಲಾಟ್ ಮಾಡುತ್ತಿದ್ದ ಕೆಲಸ ಇಷ್ಟೇ: ಆ ಕ್ಷಣಕ್ಕೆ ಆಬ್ಜೆಕ್ಟ್ ಒಳಗೆ ಆ ಹೆಸರನ್ನು ಹುಡುಕುವುದು, ಸಿಕ್ಕರೆ ಕರೆಯುವುದು.

2.2ರಲ್ಲಿ ಕ್ಲಾಸನ್ನೇ ಟೈಪ್ ಮಾಡಿದರು. ಈಗ ಕ್ಲಾಸ್ ಕೂಡ ಒಂದು ಆಬ್ಜೆಕ್ಟ್. ಇಲ್ಲಿ ಒಂದು ಗಂಟು ಬಿತ್ತು. `ಇಂಟ್` ಅನ್ನೋ ಕ್ಲಾಸನ್ನು ತೆಗೆದುಕೊಳ್ಳಿ. ಅದರೊಳಗೆ `__ಹ್ಯಾಶ್__` ಇದೆ. ಅದು ಯಾರಿಗೆ? 5, 42 ಇಂಥ ಸಂಖ್ಯೆಗಳಿಗೆ. ಆದರೆ `ಹ್ಯಾಶ್(ಇಂಟ್)` ಅಂತ ಕ್ಲಾಸಿನದ್ದೇ ಹ್ಯಾಶ್ ಕೇಳಿದರೆ? ಹಳೇ ನಿಯಮದ ಪ್ರಕಾರ ಮೊದಲು ಇಂಟ್ ಒಳಗೇ ಹುಡುಕಬೇಕು. ಅಲ್ಲಿ ಸಂಖ್ಯೆಗಳಿಗೆ ಬರೆದ `__ಹ್ಯಾಶ್__` ಸಿಗುತ್ತೆ. ಅದಕ್ಕೆ ಒಂದು ಸಂಖ್ಯೆ ಬೇಕು, ನಾವು ಕೊಟ್ಟಿಲ್ಲ. `ಇಂಟ್.__ಹ್ಯಾಶ್__()` ಅಂತ ನೇರವಾಗಿ ಕರೆದು ನೋಡಿ, ಆರ್ಗ್ಯುಮೆಂಟ್ ಬೇಕು ಅಂತ ಟೈಪ್‌ಎರರ್ ಬರುತ್ತೆ. `ಹ್ಯಾಶ್(ಇಂಟ್)` ಮಾತ್ರ ಸರಿಯಾಗಿ ನಡೆಯುತ್ತೆ. ಯಾಕಂದರೆ ಅದು ಇಂಟ್ ಒಳಗೆ ನೋಡದೆ, ಇಂಟ್‌ನ ಟೈಪಿಗೆ ಹೋಗಿ ಕೇಳುತ್ತೆ.

ಮಕ್ಕಳಿಗೆ ಅಂತ ಇಟ್ಟ ವಸ್ತುವನ್ನು ತಾಯಿಯದ್ದು ಅಂದುಕೊಳ್ಳಬಾರದು, ಅಷ್ಟೇ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ವೇಗ ಎರಡನೆಯದು: ಕ್ಲಾಸ್ ಹುಟ್ಟುವಾಗಲೇ ಸ್ಲಾಟ್ ತುಂಬಿಬಿಟ್ಟರೆ ಪ್ರತಿ ಸಲ ಆಬ್ಜೆಕ್ಟ್‌ನ ಡಿಕ್ಷನರಿ ತಡಕುವ ಕೆಲಸ ಇಲ್ಲ.

ಇನ್ನೊಂದು ಮಾತು. ಕ್ಲಾಸ್ ಹುಟ್ಟಿದ ಮೇಲೆ `ಪೆಟ್ಟಿಗೆ.__ಲೆನ್__ = ...` ಅಂತ ಕ್ಲಾಸಿಗೇ ಹಚ್ಚಿದರೆ ಹೊಸ ಶೈಲಿಯಲ್ಲೂ ತಕ್ಷಣ ಕೆಲಸ ಮಾಡುತ್ತೆ. ಟೈಪ್ ತನ್ನ ಸ್ಲಾಟನ್ನು ಆಗಲೇ ತಿದ್ದಿಕೊಳ್ಳುತ್ತೆ. ಆಬ್ಜೆಕ್ಟ್‌ಗೆ ಹಚ್ಚಿದ್ದು ಮಾತ್ರ ಲೆಕ್ಕಕ್ಕಿಲ್ಲ.

ಎರಡು_ದಶಕ

ಹೊಸಬರಿಗೆ ಹಳೇ ನಿಯಮ ಎಷ್ಟು ತೊಂದರೆ ಕೊಡುತ್ತಿತ್ತು ಅಂತ ಒಂದು ಉದಾಹರಣೆ ಹೇಳುತ್ತೇನೆ. ಇದು ನನ್ನ ಒಂದು ಇಡೀ ದಿನ ತಿಂದಿದೆ.

ಪೈಥಾನ್ 2ರ ಎಕ್ಸ್‌ಎಂಎಲ್‌ಆರ್‌ಪಿಸಿಲಿಬ್‌ನಲ್ಲಿ (ದೂರದ ಸರ್ವರ್‌ನ ಮೆಥಡ್ ಕರೆಯುವ ಲೈಬ್ರರಿ) ಸರ್ವರ್‌ಪ್ರಾಕ್ಸಿ ಅಂತ ಒಂದು ಕ್ಲಾಸ್ ಇದೆ. ಅದೂ ಹಳೇ ಶೈಲಿ. ಅದರ ಮೇಲೆ ಯಾವ ಹೆಸರು ಕರೆದರೂ `__ಗೆಟ್‌ಅಟ್ರ್__` ಅದನ್ನು ದೂರದ ಸರ್ವರ್‌ನ ಮೆಥಡ್ ಅಂದುಕೊಂಡು ಕಳಿಸುತ್ತದೆ. `ಸರ್ವರ್.ಕೂಡಿಸು(2, 3)` ಅಂದರೆ ಆ ಕಡೆ ಕೂಡಿಸು ಓಡುತ್ತದೆ. ತುಂಬಾ ಚಂದದ ವಿನ್ಯಾಸ.

ನಾನು ಬರೆದಿದ್ದು ಇಷ್ಟು: `ಇಫ್ ಸರ್ವರ್:`. ಕನೆಕ್ಷನ್ ತೆರೆದಿದೆಯಾ ಅಂತ ನೋಡೋಣ ಅನ್ನುವುದು ನನ್ನ ಲೆಕ್ಕ. ಇಫ್ ಏನು ಮಾಡಿತು? ಸತ್ಯವೋ ಸುಳ್ಳೋ ತಿಳಿಯಲು `__ನಾನ್‌ಜೀರೋ__` ಹುಡುಕಿತು. ಕ್ಲಾಸಿನಲ್ಲಿ ಇಲ್ಲ. `__ಗೆಟ್‌ಅಟ್ರ್__`ಗೆ ಹೋಯಿತು. ಅದು "ಓ, ದೂರದ ಮೆಥಡ್" ಅಂದುಕೊಂಡು ನೆಟ್‌ವರ್ಕ್ ಮೇಲೆ ಕಳಿಸಿತು! ಆ ಕಡೆಯಿಂದ ಫಾಲ್ಟ್ ಬಂತು: "`__ನಾನ್‌ಜೀರೋ__` ಅನ್ನುವ ಮೆಥಡ್‌ಗೆ ಬೆಂಬಲವಿಲ್ಲ." ನನ್ನ ಕೋಡಿನಲ್ಲಿ ಆ ಹೆಸರೇ ಇಲ್ಲ. ಇಡೀ ಪ್ರಾಜೆಕ್ಟ್ ಜಾಲಾಡಿದೆ, ಎಲ್ಲೂ ಇಲ್ಲ. ಸಂಜೆ ಸರ್ವರ್ ಕಡೆ ಲಾಗ್ ತೆರೆದಾಗ ನನ್ನ ಯಂತ್ರದಿಂದಲೇ ಆ ಕರೆ ಬಂದಿದ್ದು ಕಂಡಿತು. `ಇಫ್ ಸರ್ವರ್ ಈಸ್ ನಾಟ್ ನನ್:` ಅಂತ ಬದಲಾಯಿಸಿದೆ, ಹೋಯಿತು. ಈಸ್ ಯಾವ ಮೆಥಡನ್ನೂ ಕೇಳುವುದಿಲ್ಲ.

ಪೈಥಾನ್ 3ರಲ್ಲಿ ಇದೇ `ಇಫ್ ಸರ್ವರ್:` ನೆಟ್‌ವರ್ಕ್ ಮುಟ್ಟುವುದೇ ಇಲ್ಲ. ಟೈಪ್‌ನಲ್ಲಿ `__ಬೂಲ್__` ಇಲ್ಲ, `__ಲೆನ್__` ಇಲ್ಲ, ಹಾಗಾಗಿ ಸತ್ಯ. ಮುಗಿಯಿತು.

ಟೆಸ್ಟ್_ಹುಚ್ಚಿ

ಗೋಡೌನ್ ಅವರೇ, ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ಇಂಥ ಕೋಡ್ ಮೂರು ಕಡೆ ಸರಿ ಮಾಡಿದ್ದೇನೆ. ಎರರ್ ಕೊಡುವವು ನಮ್ಮ ಸ್ನೇಹಿತರು. `ಲೆನ್`, `ಫಾರ್`, `ಇನ್`, ಚೌಕ ಕಂಸ ಹಾಕಿ ಒಳಗಿನದು ತೆಗೆಯುವುದು, ಕೂಡಿಸುವುದು, ಇವೆಲ್ಲ ಪೈಥಾನ್ 3ರಲ್ಲಿ ಟೈಪ್‌ಎರರ್ ಕೊಟ್ಟು ಅಲ್ಲೇ ನಿಲ್ಲುತ್ತವೆ. ನೋಡಿದ ತಕ್ಷಣ ಸರಿ ಮಾಡಬಹುದು. ಹೆದರಬೇಕಾದ್ದು ಆಬ್ಜೆಕ್ಟ್ ಕ್ಲಾಸ್ ತಾನೇ ಒಂದು ಉತ್ತರ ಇಟ್ಟುಕೊಂಡಿರುವ ಮೆಥಡ್‌ಗಳಿಗೆ: `__ಈಕ್ಯೂ__`, `__ಹ್ಯಾಶ್__`, `__ಎಸ್‌ಟಿಆರ್__`, `__ರೆಪ್ರ್__`. ಇವುಗಳ ಜೊತೆಗೆ ಸತ್ಯ-ಸುಳ್ಳು ನೋಡುವುದು. ಖಾಲಿ ಪಟ್ಟಿಯನ್ನು ಸುತ್ತಿದ ಪ್ರಾಕ್ಸಿ 2ರಲ್ಲಿ ಸುಳ್ಳು, 3ರಲ್ಲಿ ಸತ್ಯ. ಯಾರೂ ಕೂಗಾಡುವುದಿಲ್ಲ, ಲೆಕ್ಕ ಮಾತ್ರ ತಪ್ಪಾಗುತ್ತದೆ.

ಹಾಗಾಗಿ 3ಕ್ಕೆ ಹಾರುವ ಮೊದಲು 2.7ರಲ್ಲೇ ಎರಡು ಕೆಲಸ ಮಾಡಿ.

ಮೊದಲು, ನಿಮ್ಮ ಪ್ರಾಕ್ಸಿ ಹಳೇ ಶೈಲಿಯಲ್ಲೇ ಇರುವಾಗ, ಅದರ `__ಗೆಟ್‌ಅಟ್ರ್__` ಒಳಗೆ ಒಂದು ಸಾಲು ಸೇರಿಸಿ: ಹೆಸರು ಎರಡು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಲಾಗ್‌ಗೆ ಬರೆ. ಒಂದು ದಿನ ನಿಜವಾದ ಕೆಲಸ ಮಾಡಲು ಬಿಡಿ. ಸಂಜೆ ಆ ಲಾಗ್ ನಿಮ್ಮ ಪ್ರೋಗ್ರಾಂ ಗುಟ್ಟಾಗಿ ಯಾವ ಯಾವ ಡಂಡರ್ ಮೇಲೆ ನಿಂತಿದೆ ಅಂತ ಹೇಳುತ್ತದೆ. ಊಹೆ ಬೇಡ. `__ಕೋಅರ್ಸ್__` ಅಂತ ಒಂದು ಹೆಸರು ಕಂಡರೆ ಗಾಬರಿ ಬೇಡ, ಹಳೇ ಶೈಲಿಯಲ್ಲಿ ಕೂಡಿಸುವ ಮೊದಲು ಅದನ್ನು ಕೇಳುವ ಪದ್ಧತಿ ಇತ್ತು. 3ರಲ್ಲಿ ಅದು ಇಲ್ಲ.

ಆಮೇಲೆ, ಇನ್ನೂ 2.7ರಲ್ಲೇ, ಪ್ರಾಕ್ಸಿಯನ್ನು ಆಬ್ಜೆಕ್ಟ್‌ನಿಂದ ಹುಟ್ಟಿಸಿ. ಫೈಲಿನ ಎಲ್ಲ ಕ್ಲಾಸ್‌ಗೂ ಬೇಕಾದರೆ ಮೇಲ್ಗಡೆ `__ಮೆಟಾಕ್ಲಾಸ್__ = ಟೈಪ್` ಅಂತ ಒಂದು ಸಾಲು ಸಾಕು. ತಾಯಿ ಕ್ಲಾಸ್ ಇಲ್ಲದವು ಹೊಸ ಶೈಲಿಗೆ ಬರುತ್ತವೆ. ಬೇರೆ ಫೈಲಿನ ಹಳೇ ಕ್ಲಾಸಿನಿಂದ ಹುಟ್ಟಿದವು ಹಳೆಯವಾಗೇ ಉಳಿಯುತ್ತವೆ, ಅವನ್ನು ಕೈಯಿಂದಲೇ ನೋಡಬೇಕು. ಹೀಗೆ ಮಾಡಿದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಏನಾದರೂ ಮುರಿದರೆ ಯಾಕೆ ಅಂತ ಗೊತ್ತಿರುತ್ತೆ. ಯೂನಿಕೋಡ್, ಭಾಗಾಕಾರ, ಪ್ರಿಂಟ್ ಎಲ್ಲದರ ಜೊತೆ ಇದನ್ನೂ ಒಟ್ಟಿಗೆ ಎಳೆದರೆ ಯಾವುದು ಯಾವುದರಿಂದ ಅಂತ ತಿಳಿಯುವುದೇ ಇಲ್ಲ. 2ರ ಕೋಡನ್ನು 3ಕ್ಕೆ ತಿರುಗಿಸುವ 2ಟು3 ಉಪಕರಣ `__ನಾನ್‌ಜೀರೋ__`ವನ್ನು `__ಬೂಲ್__` ಮಾಡಿಕೊಡುತ್ತೆ. ಆದರೆ ಪ್ರಾಕ್ಸಿಗೆ ಇಲ್ಲದ ಮೆಥಡನ್ನು ತಾನಾಗಿ ಬರೆದುಕೊಡುವುದಿಲ್ಲ.

ಎರಡು_ದಶಕ

ಹುಚ್ಚಿ ಅವರು ಹೇಳಿದ್ದು ಸರಿ. ಹಳೇ ಕ್ಲಾಸ್ ಯಾವುವು ಅಂತ ಕಣ್ಣಿನಿಂದ ಹುಡುಕಬೇಡಿ. 2.7ರ ಟೈಪ್ಸ್ ಮಾಡ್ಯೂಲಿನಲ್ಲಿ ಕ್ಲಾಸ್‌ಟೈಪ್ ಅಂತ ಇದೆ. ಮಾಡ್ಯೂಲಿನ ಒಳಗಿನ ಹೆಸರುಗಳನ್ನೆಲ್ಲ ಒಂದು ಲೂಪ್‌ನಲ್ಲಿ ನೋಡಿ, ಟೈಪ್ ಕ್ಲಾಸ್‌ಟೈಪ್ ಆಗಿದ್ದನ್ನು ಪ್ರಿಂಟ್ ಮಾಡಿ. ಅವೆಲ್ಲ ಹಳೇ ಶೈಲಿ.

ಪೂರ್ತಿ_ಒಪ್ಪಲ್ಲ

ಒಂದು ವಿರುದ್ಧ ಮಾತು. ಒಂದೊಂದು ಆಬ್ಜೆಕ್ಟ್‌ಗೆ ಒಂದೊಂದು ನಡವಳಿಕೆ ಕೊಡೋದು ನಿಜವಾಗಿ ಬೇಕಾಗುತ್ತೆ. ಟೆಸ್ಟ್ ಬರೆಯುವಾಗ ಒಂದೇ ಒಂದು ಆಬ್ಜೆಕ್ಟ್‌ನ `__ಕಾಲ್__` ಬದಲಿಸಿ ಸುಳ್ಳು ಉತ್ತರ ಕೊಡಿಸುತ್ತಿದ್ದೆ. ಹಳೇ ಶೈಲಿಯಲ್ಲಿ ಒಂದು ಸಾಲು. ಈಗ ಕ್ಲಾಸನ್ನೇ ಮುಟ್ಟಬೇಕು, ಮುಟ್ಟಿದರೆ ಎಲ್ಲ ಆಬ್ಜೆಕ್ಟ್‌ಗೂ ತಗುಲುತ್ತೆ. ಇದು ನಷ್ಟವೇ.

ಟೆಸ್ಟ್_ಹುಚ್ಚಿ

ಆ ಆಸೆ ನ್ಯಾಯವಾದದ್ದೇ. ಎರಡು ದಾರಿ ಇದೆ. ಕ್ಲಾಸಿನಲ್ಲಿ `__ಕಾಲ್__` ಬರೆದು ಅದರೊಳಗೆ `ಸೆಲ್ಫ್.ಕೆಲಸ()` ಕರೆಯಿರಿ. ಕೆಲಸ ಅನ್ನೋದು ಸಾಮಾನ್ಯ ಹೆಸರು, ಅದನ್ನು ಯಾವ ಆಬ್ಜೆಕ್ಟ್ ಮೇಲೆ ಬೇಕಾದರೂ ಬದಲಿಸಬಹುದು. ಓದುವವರಿಗೂ ಇಲ್ಲಿ ಏನೋ ಬದಲಾಗುತ್ತೆ ಅಂತ ಕಾಣಿಸುತ್ತೆ.

ಇನ್ನೊಂದು ದಾರಿ ಮಾಕ್ (ಟೆಸ್ಟ್‌ಗೆ ನಕಲಿ ಆಬ್ಜೆಕ್ಟ್ ಕೊಡುವ ಲೈಬ್ರರಿ) ಹಿಡಿದಿದ್ದು. ಪೈಥಾನ್ 3.3ರಿಂದ ಯೂನಿಟ್‌ಟೆಸ್ಟ್ ಜೊತೆಗೇ ಬರುವ ಅದೇ ಮಾಕ್. ಮ್ಯಾಜಿಕ್‌ಮಾಕ್ ಮೇಲೆ `__ಲೆನ್__`ಗೆ ಬೇಕಾದ ಉತ್ತರ ಹಚ್ಚಿದರೆ ಆ ಒಂದಕ್ಕೆ ಮಾತ್ರ ಹಿಡಿಯುತ್ತೆ. ಹೇಗೆ ಅಂತ ಅದರ ಕೋಡ್ ತೆರೆದು ನೋಡಿದಾಗ ನನಗೆ ಖುಷಿಯಾಯಿತು. ಪ್ರತಿ ಮಾಕ್ ಆಬ್ಜೆಕ್ಟ್ ಹುಟ್ಟುವಾಗಲೂ ಅದಕ್ಕೇ ಅಂತ ಒಂದು ಹೊಸ ಕ್ಲಾಸ್ ಸೃಷ್ಟಿಸುತ್ತಾರೆ. ಡಂಡರ್ ಮೆಥಡನ್ನು ಆ ಸ್ವಂತ ಕ್ಲಾಸಿಗೆ ಹಚ್ಚುತ್ತಾರೆ. ನಿಯಮ ಮುರಿಯಲಿಲ್ಲ, ಬೇಕಾದ್ದೂ ಸಿಕ್ಕಿತು.

ಪೂರ್ತಿ_ಒಪ್ಪಲ್ಲ

ಮಾಕ್ ಒಳಗೆ ಹೀಗಿದೆ ಅಂತ ಗೊತ್ತಿರಲಿಲ್ಲ. ಮೊದಲನೇ ದಾರಿ ನನ್ನ ಟೆಸ್ಟ್‌ಗಳಿಗೆ ಸಾಕು. ನಷ್ಟ ಅನ್ನೋ ಮಾತು ಹಿಂದಕ್ಕೆ ತೆಗೆದುಕೊಂಡೆ.

ಸಿ_ಓದುಗ

ಇದಕ್ಕೆ ಒಂದು ಸಣ್ಣ ಸೇರ್ಪಡೆ. ಹಳೇ ಶೈಲಿಯಲ್ಲೂ ಎಲ್ಲ ಡಂಡರ್ ಆಬ್ಜೆಕ್ಟ್ ಮೇಲೆ ನಡೆಯುತ್ತಿರಲಿಲ್ಲ. `__ಗೆಟ್‌ಅಟ್ರ್__`ಅನ್ನೇ ಒಂದು ಆಬ್ಜೆಕ್ಟ್‌ಗೆ ಹಚ್ಚಿ ನೋಡಿ, ಯಾರೂ ಕೇಳುವುದಿಲ್ಲ. ಅದನ್ನೂ `__ಸೆಟ್‌ಅಟ್ರ್__`, `__ಡೆಲ್‌ಅಟ್ರ್__` ಎರಡನ್ನೂ ಕ್ಲಾಸ್ ತನ್ನ ಬಳಿ ಇಟ್ಟುಕೊಂಡಿರುತ್ತಿತ್ತು. `__ಡಿಕ್ಟ್__` ಮತ್ತು `__ಕ್ಲಾಸ್__` ಹೆಸರುಗಳು ಕೂಡ ನೇರವಾಗಿ ಸಿಗುತ್ತಿದ್ದವು, `__ಗೆಟ್‌ಅಟ್ರ್__` ತನಕ ಬರುತ್ತಲೇ ಇರಲಿಲ್ಲ. ಹಾಗಾಗಿ ಆ ಕಾಲದಲ್ಲೂ ಪ್ರಾಕ್ಸಿಯನ್ನು ಈಸ್‌ಇನ್‌ಸ್ಟನ್ಸ್‌ಗೆ ಕೊಟ್ಟರೆ ಅದು ಪ್ರಾಕ್ಸಿ ಅಂತಲೇ ಹೇಳುತ್ತಿತ್ತು, ಗ್ರಾಹಕ ಅನ್ನುತ್ತಿರಲಿಲ್ಲ.

ಗೋಡೌನ್_ಕೋಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಇದರಲ್ಲೇ ಮುಳುಗಿದ್ದೆ. ಏನಾಯಿತು ಅಂತ ಪೂರ್ತಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮೊದಲು ಲಾಗ್ ಹಾಕಿದೆ. ಮೆಸೇಜ್ ಕಳಿಸುವ ಭಾಗ ಬಂದ್ ಮಾಡಿ ಉಳಿದದ್ದನ್ನು ಒಂದು ದಿನ ಓಡಿಸಿದೆ. ಆರು ಹೆಸರು ಬಂದವು: `__ಹ್ಯಾಶ್__`, `__ಈಕ್ಯೂ__`, `__ಎಸ್‌ಟಿಆರ್__`, `__ರೆಪ್ರ್__`, `__ನಾನ್‌ಜೀರೋ__`, `__ಲೆನ್__`. ಕೊನೆಯದು ಎಲ್ಲಿಂದ ಬಂತು ಅಂತ ಅಚ್ಚರಿಯಾಯಿತು, ಗ್ರಾಹಕನಿಗೆ ಉದ್ದ ಎಲ್ಲಿದೆ? ಹುಡುಕಿದರೆ ಒಂದು ಕಡೆ `ಇಫ್ ಪ್ರಾ:` ಇತ್ತು. ಇಫ್ ಮೊದಲು `__ನಾನ್‌ಜೀರೋ__` ಕೇಳಿ, ಸಿಗದಿದ್ದಾಗ `__ಲೆನ್__` ಕೇಳಿದೆ. ಅದೂ ಇಲ್ಲ, ಹಾಗಾಗಿ ಸತ್ಯ ಅಂದುಕೊಂಡು ಮುಂದೆ ಹೋಗಿದೆ. ಇಷ್ಟಕ್ಕೇ ಡೇಟಾಬೇಸ್‌ಗೆ ಒಂದು ಸುತ್ತು ಹೋಗಿ ಬರುತ್ತಿತ್ತು! ಅದನ್ನು `ಈಸ್ ನಾಟ್ ನನ್` ಮಾಡಿದೆ.

ಆಮೇಲೆ 2.7ರಲ್ಲೇ `ಪ್ರಾಕ್ಸಿ(ಆಬ್ಜೆಕ್ಟ್)` ಮಾಡಿ ಓಡಿಸಿದೆ. ಅಲ್ಲೇ ಎರಡೆರಡು ಮೆಸೇಜ್ ಸಾಲಿಗೆ ಬಂದವು. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ, ಹೇಳಲಿಕ್ಕೆ ಆಗದು. ರೋಗ ಯಾವುದು ಅಂತ ಖಚಿತವಾಯಿತಲ್ಲ.

ಸರಿ ಮಾಡುವಾಗ ಮತ್ತೆ ಎಡವಿದೆ. `__ಈಕ್ಯೂ__` ಮೊದಲು ಬರೆದೆ, ಹ್ಯಾಶ್ ಆಮೇಲೆ ನೋಡೋಣ ಅಂತ ಬಿಟ್ಟೆ. ಪೈಥಾನ್ 3ರಲ್ಲಿ ತಕ್ಷಣ ಟೈಪ್‌ಎರರ್, ಪ್ರಾಕ್ಸಿಯನ್ನು ಹ್ಯಾಶ್ ಮಾಡಲಾಗದು ಅಂತ.

ಟೆಸ್ಟ್_ಹುಚ್ಚಿ

ಹೌದು, 3ರಲ್ಲಿ ಕ್ಲಾಸಿನಲ್ಲಿ `__ಈಕ್ಯೂ__` ಮಾತ್ರ ಬರೆದರೆ `__ಹ್ಯಾಶ್__` ತಾನಾಗಿ ನನ್ ಆಗುತ್ತೆ. ಎರಡನ್ನೂ ಜೊತೆಗೇ ಬರೆಯಬೇಕು. ಒಳ್ಳೆಯ ನಿಯಮ ಅದು. ಇಲ್ಲದಿದ್ದರೆ ನಿಮಗೆ ಮತ್ತೆ ಸದ್ದಿಲ್ಲದ ತಪ್ಪು ಸಿಗುತ್ತಿತ್ತು.

ಅಸಲಿ ಗ್ರಾಹಕನ `__ಈಕ್ಯೂ__` ಒಳಗೆ ಈಸ್‌ಇನ್‌ಸ್ಟನ್ಸ್ ಇದೆಯಾ ನೋಡಿಕೊಳ್ಳಿ. ಇದ್ದರೆ ಆ ಕಡೆಯ ಪ್ರಾಕ್ಸಿಯನ್ನೂ ಬಿಚ್ಚಿ ಕೊಡಬೇಕು. ಒಂದು ಪ್ರಾಕ್ಸಿ, ಒಂದು ಅಸಲಿ ಅಂತ ಹೋಲಿಸಿದರೆ ಸಮ ಅಲ್ಲ ಅನ್ನುತ್ತೆ.

ಗೋಡೌನ್_ಕೋಡ್

ಇರಲಿಲ್ಲ, ಆದರೂ ಬಿಚ್ಚಿಯೇ ಹೋಲಿಸುತ್ತಿದ್ದೇನೆ. ಈಗ ಹೀಗಿದೆ:

```
    ಡೆಫ್ __ಈಕ್ಯೂ__(ಸೆಲ್ಫ್, ಆಕಡೆ):
        ಇಫ್ ಈಸ್‌ಇನ್‌ಸ್ಟನ್ಸ್(ಆಕಡೆ, ಪ್ರಾಕ್ಸಿ):
            ಆಕಡೆ = ಆಕಡೆ._ತೆಗೆ()
        ರಿಟರ್ನ್ ಸೆಲ್ಫ್._ತೆಗೆ() == ಆಕಡೆ

    ಡೆಫ್ __ಹ್ಯಾಶ್__(ಸೆಲ್ಫ್):
        ರಿಟರ್ನ್ ಹ್ಯಾಶ್(ಸೆಲ್ಫ್._ತೆಗೆ())

    ಡೆಫ್ __ಎಸ್‌ಟಿಆರ್__(ಸೆಲ್ಫ್):
        ರಿಟರ್ನ್ ಎಸ್‌ಟಿಆರ್(ಸೆಲ್ಫ್._ತೆಗೆ())
```

`__ರೆಪ್ರ್__` ಬೇಕಂತಲೇ ಅಸಲಿಗೆ ಕಳಿಸಿಲ್ಲ. ಪ್ರಾಕ್ಸಿ, ಐಡಿ ಇಷ್ಟು ಅಂತ ತೋರಿಸುತ್ತದೆ. ಡೀಬಗ್ ಮಾಡುವಾಗ ಸುಮ್ನೆ ನೋಡಿದ್ದಕ್ಕೆಲ್ಲ ಡೇಟಾಬೇಸ್‌ಗೆ ಹೋಗುವುದು ಬೇಡ ಅನ್ನಿಸಿತು.

ಸಿ_ಓದುಗ

ಚೆನ್ನಾಗಿದೆ. ಇನ್ನೊಂದು ಗುಂಡಿ ಮುಚ್ಚಿಬಿಡಿ. ಈ ಪ್ರಾಕ್ಸಿಯನ್ನು ಯಾರಾದರೂ `ಕಾಪಿ.ಕಾಪಿ` ಮಾಡಿದರೆ ಪೈಥಾನ್ `__ಇನಿಟ್__` ಕರೆಯದೆ ಖಾಲಿ ಆಬ್ಜೆಕ್ಟ್ ಹುಟ್ಟಿಸುತ್ತೆ. ಅದರಲ್ಲಿ `_ಅಸಲಿ` ಇರಲ್ಲ. ಇಲ್ಲದ ಹೆಸರು ಕೇಳಿದ್ದಕ್ಕೆ `__ಗೆಟ್‌ಅಟ್ರ್__`, ಅದು `_ತೆಗೆ` ಕರೆಯುತ್ತೆ, ಅದು ಮತ್ತೆ `_ಅಸಲಿ` ಕೇಳುತ್ತೆ, ಮತ್ತೆ `__ಗೆಟ್‌ಅಟ್ರ್__`. ರಿಕರ್ಷನ್ ಎರರ್ ಬರೋವರೆಗೂ ಸುತ್ತುತ್ತೆ. ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಅಲ್ಲೇ ಅಟ್ರಿಬ್ಯೂಟ್‌ಎರರ್ ಎಸೆಯಿರಿ.

ಗೋಡೌನ್_ಕೋಡ್

ಹಾಕಿದೆ. ನಿನ್ನೆ ರಾತ್ರಿ 3ರಲ್ಲಿ ಓಡಿಸಿದೆವು. ಹಳೇ 2.7ರ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ, ಒಂದೂ ವ್ಯತ್ಯಾಸ ಇಲ್ಲ ಅಂತ ಕಂಡ ಮೇಲೆ ಕಳಿಸುವ ಬಟನ್ ಒತ್ತಿದೆ. ಒಂದು ನಂಬರ್‌ಗೆ ಒಂದೇ ಮೆಸೇಜ್. ಬೆಳಗ್ಗೆ ಫೋನ್ ಬಂದಿಲ್ಲ. ಎರಡು ದಶಕ ಅವರು ಹೇಳಿದ ಕ್ಲಾಸ್‌ಟೈಪ್ ಲೂಪ್ ಓಡಿಸಿದಾಗ ಇನ್ನೂ ನಾಲ್ಕು ಹಳೇ ಕ್ಲಾಸ್ ಸಿಕ್ಕಿವೆ. ಅದರಲ್ಲಿ ಎರಡಕ್ಕೆ `__ಗೆಟ್‌ಅಟ್ರ್__` ಇದೆ. ಇವತ್ತು ಅವಕ್ಕೆ ಲಾಗ್ ಹಾಕಿ ಬಿಟ್ಟಿದ್ದೇನೆ. ಸಂಜೆ ಯಾವ ಹೆಸರು ಬರುತ್ತೆ ಅಂತ ಇಲ್ಲೇ ಹಾಕುತ್ತೇನೆ.